ಹಳೇ ಜೀಪಿಗೆ ರೇಡಿಯೇಟರ್ ಪೈಪ್ ಬೇಕಾದರೆ ಗಾಡಿ ಹೆಸರು ಹೇಳಬೇಡಿ, ಹಳೇ ಪೈಪ್ ತನ್ನಿ

ಮೂಡಿಗೆರೆ ಕಡೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನನ್ನ ಕೆಲಸ. ಇಲ್ಲಿನ ತೋಟಗಳಲ್ಲಿ ಇನ್ನೂ ಮಹೀಂದ್ರಾದ ಎಂಎಂ 540, ಮೇಜರ್, ಅದಕ್ಕೂ ಹಳೇ ಜೀಪುಗಳು ದುಡಿಯುತ್ತಿವೆ. ಕಾಫಿ ಮೂಟೆ, ಗೊಬ್ಬರ, ಆಳುಗಳು, ಎಲ್ಲ ಅದರಲ್ಲೇ. ಬಿಸಿಲು ಏರಿತು ಅಂದರೆ ಎಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ನೀರು ಹರಿಸುವ ರಬ್ಬರ್ ಪೈಪ್ ಕೇಳಿಕೊಂಡು ಬರುವವರು ಜಾಸ್ತಿ. "ಅಣ್ಣಾ, 540ಕ್ಕೆ ಮೇಲಿನ ಪೈಪ್ ಒಂದು ಕೊಡಿ" ಅಂತಾರೆ, ಅಷ್ಟೇ.

ಆ ಮಾತು ನಂಬಿ ಪೈಪ್ ಕೊಟ್ಟರೆ ಅದು ಸಂಜೆಯೊಳಗೆ ವಾಪಸ್ ಬರುತ್ತದೆ. ಆರ್‌ಸಿಯಲ್ಲಿ 540 ಅಂತ ಇರಬಹುದು, ಬಾನೆಟ್ ಒಳಗೆ ಏನಿದೆ ಅನ್ನೋದು ಬೇರೆ ಕಥೆ. ಹಳೇ 540ಗಳಲ್ಲಿ ಇದ್ದದ್ದು 2112 ಸಿಸಿಯ ಪೂಜೋ ಕಂಪನಿ ಡೀಸೆಲ್ ಎಂಜಿನ್. ಅದು ಸವೆದ ಮೇಲೆ ಎಷ್ಟೋ ಜನ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಕೂರಿಸಿಕೊಂಡರು. ಇನ್ನು ಕೆಲವು ಮೊದಲು ಪೆಟ್ರೋಲ್ ಜೀಪೇ, ಆಮೇಲೆ ಡೀಸೆಲ್ ಆದವು. ರೇಡಿಯೇಟರಂತೂ ಯಾವ ಗಾಡಿಯದೋ, ಯಾವ ಗುಜರಿಯಿಂದ ಬಂದದ್ದೋ. ಹಾಗಾಗಿ ನಾನು ಮಾಡೆಲ್ ಕೇಳೋದನ್ನೇ ಬಿಟ್ಟಿದ್ದೇನೆ.

ಹಳೇ ಪೈಪ್ ಎಷ್ಟೇ ಹರಿದಿರಲಿ, ಬಿಸಾಕಬೇಡಿ, ತನ್ನಿ. ಅದರ ಎರಡೂ ತುದಿಯಲ್ಲಿ ಕ್ಲಿಪ್ ಒತ್ತಿ ಕೂತ ಗೆರೆ ಇರುತ್ತದೆ. ಆ ಗೆರೆಯಿಂದ ಈ ಗೆರೆಗೆ ಇರುವುದೇ ನಿಜವಾದ ಉದ್ದ, ಆಚೆ ಈಚೆ ಸ್ವಲ್ಪ ಬಿಟ್ಟು ಕತ್ತರಿಸಿದರೆ ಆಯಿತು. ಆದರೆ ಬಾಯಿಯ ಅಳತೆಗೆ ಹಳೇ ಪೈಪನ್ನು ನಂಬಬೇಡಿ. ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ಸಡಿಲವಾಗಿರುತ್ತದೆ. ಪೈಪ್ ಸಿಕ್ಕಿಸುವ ಮೂತಿಯ ಹೊರಗಿನ ಅಳತೆಯನ್ನೇ ವರ್ನಿಯರ್ ಅನ್ನೋ ಅಳತೆ ಸಾಧನದಲ್ಲಿ ತೆಗೆಯಿರಿ, ಎಂಜಿನ್ ಕಡೆ ಒಂದು, ರೇಡಿಯೇಟರ್ ಕಡೆ ಇನ್ನೊಂದು. ಒಂದು ಕಡೆ 38 ಮಿಮೀ, ಇನ್ನೊಂದು ಕಡೆ 35 ಇರುವ ಗಾಡಿಗಳು ಬೇಕಾದಷ್ಟಿವೆ. ದೊಡ್ಡ ಪೈಪ್ ಹಾಕಿ ಕ್ಲಿಪ್ಪಿನಲ್ಲಿ ಹಿಂಡಿದರೆ ರಬ್ಬರ್ ಮಡಚಿಕೊಳ್ಳುತ್ತದೆ, ಆ ಮಡಿಕೆಯಿಂದಲೇ ನೀರು ಜಿನುಗುತ್ತದೆ.

ಹಳೇ ಪೈಪೇ ಇಲ್ಲ ಅಂದರೆ ಒಂದು ದಪ್ಪ ತಂತಿ ತಗೊಂಡು ಈ ಮೂತಿಯಿಂದ ಆ ಮೂತಿಗೆ, ಫ್ಯಾನ್, ಬೆಲ್ಟ್ ತಪ್ಪಿಸಿ ಬಗ್ಗಿಸಿಕೊಂಡು ಬನ್ನಿ. ಮೊಬೈಲ್ ಫೋಟೋದಲ್ಲಿ ಪೈಪ್ ಯಾವ ಕಡೆ ತಿರುಗಿದೆ ಅಂತ ಸರಿಯಾಗಿ ಗೊತ್ತಾಗಲ್ಲ. ತಂತಿ ಕೈಯಲ್ಲಿದ್ದರೆ ನಾನು ಟ್ರ್ಯಾಕ್ಟರ್, ಟೆಂಪೋ, ಲಾರಿ, ಯಾವುದರ ಪೈಪ್ ಆದರೂ ತೆಗೆದು ಅದರ ಮೇಲೆ ಇಟ್ಟು ನೋಡುತ್ತೇನೆ. ಬಾಗು ಸರಿ ಇದ್ದು ಉದ್ದ ಜಾಸ್ತಿ ಇದ್ದರೆ ಬಲು ಒಳ್ಳೆಯದು, ಕತ್ತರಿಸಬಹುದಲ್ವಾ. ನಮ್ಮಲ್ಲಿ ಸಿಗದಿದ್ದರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆ ಇದ್ದೇ ಇದೆ. ಅಲ್ಲಿಗೆ ಹೋದರೂ ಇದೇ ತಂತಿ, ಇದೇ ಅಳತೆ ಹಿಡಿದುಕೊಂಡು ಹೋಗಿ.

ಇನ್ನು ಕೆಳಗಿನ ಪೈಪ್. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒಬ್ಬ ಡ್ರೈವರ್ ಬಂದಿದ್ದರು, ಊರೊಳಗೆ ಓಡಿಸಿದರೆ ಗಾಡಿಗೆ ಏನೂ ಇಲ್ಲ, ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ ಅಂತ. ಬಿಸಿಗೆ ತಕ್ಕಂತೆ ನೀರು ಬಿಡುವ ಥರ್ಮೋಸ್ಟಾಟ್ ತೆಗೆಸಿದ್ದರು, ರೇಡಿಯೇಟರ್ ಕ್ಲೀನ್ ಮಾಡಿಸಿದ್ದರು, ದುಡ್ಡು ಸುಮ್ನೆ ಹೋಗಿತ್ತು. ಬಾನೆಟ್ ಎತ್ತಿ ಆಕ್ಸಿಲೇಟರ್ ಜೋರಾಗಿ ಕೊಡಿ ಅಂದೆ. ಕೊಟ್ಟ ಕೂಡಲೇ ಕೆಳಗಿನ ಪೈಪ್ ಚಪ್ಪಟೆ ಆಯಿತು, ಬಿಟ್ಟ ಕೂಡಲೇ ಮತ್ತೆ ಗುಂಡಗಾಯಿತು. ಕೆಳಗಿನ ಪೈಪಿನಿಂದ ವಾಟರ್ ಪಂಪ್ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಗಾಡಿಯಲ್ಲಿ ಅದರೊಳಗೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಯಾರೋ ಮೆತ್ತಗಿನ ಪೈಪ್ ಹಾಕಿ ಸ್ಪ್ರಿಂಗನ್ನು ಕೈಬಿಟ್ಟಿದ್ದರು. ದಪ್ಪ ಪೈಪ್ ಹಾಕಿ ಒಳಗೆ ಸ್ಪ್ರಿಂಗ್ ಕೂರಿಸಿದ ಮೇಲೆ ಘಾಟಿಯಲ್ಲಿ ಮುಳ್ಳು ಅಲ್ಲಾಡಲಿಲ್ಲ. ಒಂದು ವ್ಯತ್ಯಾಸ ಗಮನಿಸಿ: ಓಡುವಾಗ ಸರಿ ಇದ್ದು ಎಂಜಿನ್ ತಣ್ಣಗಾದ ಮೇಲೆ ಪೈಪ್ ಚಪ್ಪಟೆ ಆದರೆ ಮೊದಲು ರೇಡಿಯೇಟರ್ ಮುಚ್ಚಳ ನೋಡಿ, ಅದರೊಳಗಿನ ಚಿಕ್ಕ ವಾಲ್ವ್ ಕಚ್ಚಿಕೊಂಡಿರುತ್ತದೆ.

ರಬ್ಬರ್ ಪೈಪಿಗೆ ದೊಡ್ಡ ಶತ್ರು ಡೀಸೆಲ್. ಈ ಪೈಪುಗಳನ್ನು ಸಾಮಾನ್ಯವಾಗಿ ಇಪಿಡಿಎಂ ಅನ್ನೋ ರಬ್ಬರಿನಲ್ಲಿ ಮಾಡುತ್ತಾರೆ. ಬಿಸಿ ನೀರು, ಕೂಲೆಂಟ್ ಚೆನ್ನಾಗಿ ತಡೆಯುತ್ತದೆ, ಆದರೆ ಡೀಸೆಲೋ ಆಯಿಲೋ ಬಿದ್ದರೆ ಉಬ್ಬಿ ನೆನೆದ ಹಪ್ಪಳದ ಹಾಗೆ ಆಗುತ್ತದೆ. ಡೀಸೆಲ್ ಪಂಪ್ ಜಿನುಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಪೈಪ್ ಹಾಕಿ. ನೀಲಿ ಸಿಲಿಕೋನ್ ಪೈಪ್ ಹಾಕಿದರೆ ಈ ತಾಪತ್ರಯ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಅದು ಬಿಸಿಗೆ ಗಟ್ಟಿ, ಡೀಸೆಲ್‌ಗೆ ಗಟ್ಟಿಯಲ್ಲ. ಪಟ್ಟಿಯಲ್ಲಿ ಗೀರು ಇರುವ ಮಾಮೂಲಿ ಕ್ಲಿಪ್ ಬಿಗಿದರೆ ಕೊಯ್ದೂ ಹೋಗುತ್ತದೆ. ತೋಟದ ಜೀಪಿಗೆ ನಾನು ಕೊಡಲ್ಲ.

ಬಾಗು ಸಿಗದೇ ಇದ್ದಾಗ ನಡುವೆ ಕಬ್ಬಿಣದ ಪೈಪ್ ಬಗ್ಗಿಸಿ ಎರಡು ಕಡೆ ರಬ್ಬರ್ ತುಂಡು ಹಾಕುವುದುಂಟು. ತಪ್ಪೇನಿಲ್ಲ. ತುದಿಯಲ್ಲಿ ಉಬ್ಬು ಅಂಚು ಇರಲಿ, ಇಲ್ಲದಿದ್ದರೆ ಒತ್ತಡಕ್ಕೆ ರಬ್ಬರ್ ಕಳಚಿಕೊಳ್ಳುತ್ತದೆ. ರಬ್ಬರ್ ತುಂಡು ತೀರಾ ಗಿಡ್ಡ ಆಗಬಾರದು. ಎಂಜಿನ್ ಅಲುಗಾಡುತ್ತದೆ, ರೇಡಿಯೇಟರ್ ಅಲುಗಾಡಲ್ಲ, ತುಂಡು ಗಿಡ್ಡ ಆದರೆ ಆ ಏಟೆಲ್ಲ ರೇಡಿಯೇಟರಿನ ಹಿತ್ತಾಳೆ ಮೂತಿಯ ಬೆಸುಗೆಗೇ ಬೀಳುತ್ತದೆ.

ಹೊಸ ಪೈಪ್ ಹಾಕಿ ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಕ್ಲಿಪ್ ಇನ್ನೊಮ್ಮೆ ಬಿಗಿ ಮಾಡಿ. ಮತ್ತೆ, ಬೈಪಾಸ್ ಪೈಪ್ (ರೇಡಿಯೇಟರಿಗೆ ಹೋಗದೆ ನೀರು ಪಂಪಿಗೇ ಮರಳುವ ದಾರಿ) ಇರುವ ಎಂಜಿನ್ ಆದರೆ ಆ ಗೇಣುದ್ದವೂ ಇಲ್ಲದ ತುಂಡನ್ನೂ ಜೊತೆಗೇ ಬದಲಿಸಿ. ಹೇಗಿದ್ದರೂ ನೀರು ಇಳಿಸಿಯೇ ಇರುತ್ತೀರಿ, ಅದಕ್ಕೆ ಕೈ ಹೋಗುವ ಜಾಗವೂ ಆಗ ಮಾತ್ರ ಸಿಗೋದು.