ಕಾಲ ಭ್ರಮೆಯಂತೆ, ಹೌದಾ ಮೇಷ್ಟ್ರೇ?

"ಕಾಲ ಅನ್ನೋದೇ ಭ್ರಮೆ ಅಂತ ಐನ್‌ಸ್ಟೈನ್ ಹೇಳಿದ್ದಾರಲ್ಲ, ನಿಜ ತಾನೇ?" ಫಿಸಿಕ್ಸ್ ಪಾಠ ಮಾಡುವವನು ಅಂತ ಗೊತ್ತಾದ ತಕ್ಷಣ ನನಗೆ ಬರುವ ಪ್ರಶ್ನೆ ಇದು. ಮದುವೆ ಊಟದ ಸಾಲಿನಲ್ಲೂ ಬಿಡುವುದಿಲ್ಲ.

ನಿಜ ಅಲ್ಲ. ಅವರು ಹಾಗೆ ಹೇಳಲೂ ಇಲ್ಲ. ಆ "ನಿಜ ತಾನೇ" ಕೇಳಿದರೇ ನನಗೆ ರೇಗುತ್ತದೆ. ಉತ್ತರ ಮೊದಲೇ ತಂದಿರುತ್ತಾರೆ, ನಾನು ಸಹಿ ಹಾಕಬೇಕು ಅಷ್ಟೇ.

ಆ ಮಾತು ಬಂದದ್ದು ಒಂದು ಕಾಗದದಲ್ಲಿ. 1955ರ ಮಾರ್ಚ್‌ನಲ್ಲಿ ಮಿಕೆಲೆ ಬೆಸ್ಸೊ ತೀರಿಕೊಂಡರು. ಸ್ವಿಟ್ಜರ್ಲೆಂಡಿನ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಐನ್‌ಸ್ಟೈನ್ ಜೊತೆ ಕೆಲಸ ಮಾಡಿದ ಗೆಳೆಯ. ನೋಡುವವರ ಚಲನೆಗೆ ತಕ್ಕಂತೆ ಕಾಲದ ಅಳತೆ ಬದಲಾಗುತ್ತದೆ ಎನ್ನುವ 1905ರ ಸಾಪೇಕ್ಷತೆಯ (ರಿಲೇಟಿವಿಟಿ) ಲೇಖನದ ಕೊನೆಯಲ್ಲಿ ಥ್ಯಾಂಕ್ಸ್ ಹೇಳಿದ್ದು ಇವರೊಬ್ಬರಿಗೇ. ಬೆಸ್ಸೊ ಮನೆಯವರನ್ನು ಸಂತೈಸುತ್ತಾ ಐನ್‌ಸ್ಟೈನ್ ಬರೆದದ್ದು ಇಷ್ಟು: ನಿನ್ನೆ, ಇಂದು, ನಾಳೆ ಎಂಬ ವಿಂಗಡಣೆ ಬಿಡದೆ ಕಾಡುವ ಭ್ರಮೆ. ವಿಂಗಡಣೆ ಅಂದರು, ಕಾಲ ಅನ್ನಲಿಲ್ಲ. ಆ ಕಾಗದ ಬರೆದ ಒಂದು ತಿಂಗಳೊಳಗೆ ಐನ್‌ಸ್ಟೈನ್ ಕೂಡ ಹೋದರು.

ಕಾಲ ಇಲ್ಲದಿದ್ದರೆ ಅಳೆಯುವುದಾದರೂ ಏನನ್ನು? 1971ರಲ್ಲಿ ಅತಿ ನಿಖರವಾದ ಸೀಸಿಯಂ ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲಿಟ್ಟು ಭೂಮಿ ಸುತ್ತಿಸಿದರು. ನೆಲದ ಗಡಿಯಾರಕ್ಕೆ ಹೋಲಿಸಿದರೆ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೋಸೆಕೆಂಡ್ ಮುಂದೆ ಓಡಿದವು. ಅಲ್ಲಿ ಕಳೆದುಹೋದದ್ದು ಕಾಲವಲ್ಲ, ಎಲ್ಲರಿಗೂ ಒಂದೇ ಗಡಿಯಾರ ಎಂಬ ನಂಬಿಕೆ. ಸಾಪೇಕ್ಷತೆಯಲ್ಲಿ ನಿಮ್ಮ "ಈಗ" ನನ್ನ "ಈಗ" ಆಗಬೇಕಿಲ್ಲ.

ಚಿಕ್ಕಪ್ಪನ ವೈಕುಂಠ ಸಮಾರಾಧನೆಯ ದಿನ ನೆಂಟರೊಬ್ಬರು ಇದೇ ಮಾತು ಎತ್ತಿದರು. "ಕಾಲವೇ ಭ್ರಮೆ ಅಂದಮೇಲೆ ಅವರು ಎಲ್ಲಿಗೂ ಹೋಗಿಲ್ಲ" ಅಂದು ನನ್ನ ಮುಖ ನೋಡಿದರು. ಸಾವಿನ ಮನೆಯ ಸಮಾಧಾನವಾಗಿ ಆ ಮಾತಿಗೆ ಅಲ್ಲಿ ಜಾಗವಿತ್ತು, ಒಪ್ಪುತ್ತೇನೆ. ವಿಜ್ಞಾನದ ಮುದ್ರೆ ಕೇಳಿದ್ದಕ್ಕೆ ನಾನು ಸುಮ್ನೆ ಕೂತೆ.

ಎಲ್ಲರೂ ಹೋದಮೇಲೆ ಚಿಕ್ಕಮ್ಮ ಕೇಳಿದರು: "ಗಡಿಯಾರಕ್ಕೆ ಎಲ್ಲಾ ನಿಮಿಷನೂ ಒಂದೇ ಅಲ್ವೇನೋ? ಮತ್ತೆ ಈ ನಿಮಿಷ ಮಾತ್ರ ಯಾಕೆ ಹಿಂಗೆ ನೋಯುತ್ತೆ?"

ನೀವೂ ಇದನ್ನೇ ಕೇಳಬಾರದಾ? ನಮ್ಮ ಸಮೀಕರಣಗಳಲ್ಲಿ ಕಾಲ ಇದೆ, "ಇದು ಈಗ" ಎಂಬ ಗುರುತು ಎಲ್ಲೂ ಇಲ್ಲ. ಐನ್‌ಸ್ಟೈನ್‌ಗೂ ಇದು ಕಾಡುತ್ತಿತ್ತು. "ಈಗ" ಅನ್ನುವುದು ಮನುಷ್ಯನಿಗೆ ಬಹಳ ವಿಶೇಷ, ಆದರೆ ಭೌತಶಾಸ್ತ್ರದ ಹಿಡಿತಕ್ಕೆ ಸಿಗದು ಅಂತ ಅವರು ಕಳವಳಪಟ್ಟಿದ್ದನ್ನು ತತ್ವಶಾಸ್ತ್ರಜ್ಞ ರುಡಾಲ್ಫ್ ಕಾರ್ನಾಪ್ ಬರೆದಿಟ್ಟಿದ್ದಾರೆ. ಅನುಭವವನ್ನೆಲ್ಲ ವಿಜ್ಞಾನ ವಿವರಿಸಬಲ್ಲದು ಅಂತ ಕಾರ್ನಾಪ್ ಹೇಳಿ ನೋಡಿದರು. ಐನ್‌ಸ್ಟೈನ್‌ಗೆ ಅದು ಸಾಲಲಿಲ್ಲ. ನನಗೂ ಸಾಲುವುದಿಲ್ಲ.

ಚಿಕ್ಕಮ್ಮನಿಗೆ ಅವತ್ತು ನಾನು ಏನೂ ಹೇಳಲಿಲ್ಲ. ಈಗಲೂ ಅವರ ಮನೆಗೆ ಹೋದಾಗ ಕಾಫಿ ಕೊಟ್ಟು, "ಏನಾದ್ರೂ ಹೊಳೀತಾ?" ಅನ್ನುತ್ತಾರೆ.