ತೀರ್ಪಿನ ದಿನಕ್ಕೆ ಮರಗಳು ಹಾಡುವುದೇಕೆ

ತುತೂರಿ ಹಬ್ಬ ಹತ್ತಿರ ಬಂದಾಗಲೆಲ್ಲ ಮನಸ್ಸು ದೇವರ ನ್ಯಾಯತೀರ್ಪಿನ ಕಡೆಗೆ ಹೋಗುತ್ತದೆ. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಈ ಹಬ್ಬಕ್ಕೆ ಸಿಕ್ಕಿರುವುದು ಕೆಲವೇ ಸಾಲು. ಏಳನೇ ತಿಂಗಳ ಮೊದಲ ದಿನ ಕೆಲಸ ಬಿಡಬೇಕು, ಕೊಂಬೂದಬೇಕು, ದೇವರ ಮುಂದೆ ಸೇರಬೇಕು, ಅಷ್ಟೇ. ಯೆಹೂದ್ಯರ ಪರಂಪರೆ ಇದನ್ನು ತೀರ್ಪಿನ ದಿನವೆಂದು ಕಂಡಿತು. ಲೋಕದವರೆಲ್ಲ ಮಂದೆಯ ಕುರಿಗಳ ಹಾಗೆ ಒಬ್ಬೊಬ್ಬರಾಗಿ ದೇವರ ಕಣ್ಣೆದುರು ಹಾದುಹೋಗುವ ದಿನ ಇದು ಎಂದು ಯೆಹೂದಿ ಗುರುಗಳ ಹಳೆಯ ಬೋಧನೆಗಳ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಹತ್ತನೇ ದಿನ ದೋಷಪರಿಹಾರಕ ದಿನ. ಅಲ್ಲಿಯವರೆಗೆ ನಮ್ಮ ದಾರಿಯನ್ನು ನೋಡಿಕೊಂಡು ದೇವರ ಕಡೆಗೆ ತಿರುಗುವುದಕ್ಕೆ ಸಮಯ ಸಿಗುತ್ತದೆ.

ಯೇಸುವೇ ಮೆಸ್ಸೀಯನೆಂದು ನಂಬಿ ಈ ಹಬ್ಬಗಳನ್ನು ಆಚರಿಸುವವರಿಗೆ ಟಗರಿನ ಕೊಂಬಿನ ಆ ಧ್ವನಿಯಲ್ಲಿ ಇನ್ನೂ ಒಂದು ಮಾತು ಕೇಳಿಸುತ್ತದೆ. ಕಡೇ ತುತೂರಿ ಊದಿದಾಗ ಸತ್ತವರು ಎದ್ದುಬರುತ್ತಾರೆ ಎಂದು ಪೌಲನು ಕೊರಿಂಥದವರಿಗೆ ಬರೆದನಲ್ಲ, ಆ ಮಾತು. ತೀರ್ಪು, ಪುನರುತ್ಥಾನ ಎರಡೂ ಒಂದೇ ಕೊಂಬಿನ ಕೂಗಿನಲ್ಲಿ ಬರುತ್ತವೆ.

ತೀರ್ಪು ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ಹೆದರಿಕೆ. ಆದರೆ ಕೀರ್ತನೆ 96 ಓದಿ ನೋಡಿ. ಕರ್ತನು ಭೂಮಿಗೆ ತೀರ್ಪು ಕೊಡಲು ಬರುತ್ತಾನೆ ಎಂದು ಕೇಳಿ ಆಕಾಶ ಸಂತೋಷಪಡುತ್ತದೆ, ಸಮುದ್ರ ಗರ್ಜಿಸುತ್ತದೆ, ಹೊಲ ನಲಿಯುತ್ತದೆ, ಕಾಡಿನ ಮರಗಳೆಲ್ಲ ಹಾಡುತ್ತವೆ. ನ್ಯಾಯಾಧೀಶ ಬರುತ್ತಾನೆ ಅಂದರೆ ಯಾರಿಗೆ ಖುಷಿ? ಮೋಸ ಹೋದವರಿಗೆ. ದೂರು ಕೊಟ್ಟರೂ ಯಾರೂ ಕೇಳದೆ ಹೋದವರಿಗೆ. ತನಗೆ ನ್ಯಾಯ ಸಿಗಲಿ ಎಂದು ನ್ಯಾಯಾಧೀಶನ ಹತ್ತಿರ ಬರುತ್ತಲೇ ಇದ್ದ ವಿಧವೆಯ ಕಥೆಯನ್ನು ಯೇಸು ಹೇಳಿದ್ದು ಸುಮ್ನೆ ಅಲ್ಲ. ಅಂಥವರ ಬಾಯಲ್ಲಿ ತೀರ್ಪು ಬರಲಿ ಎನ್ನುವುದು ಒಂದು ಪ್ರಾರ್ಥನೆ.

ಆದರೆ ನ್ಯಾಯ ಸಿಗುವ ಮೊದಲೇ ಸತ್ತುಹೋದವರ ಗತಿ? ಅವರ ದೂರು ಮಣ್ಣಾಗಿಬಿಟ್ಟಿತೇ? ಪುನರುತ್ಥಾನದ ನಂಬಿಕೆಯ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಹಳೇ ಒಡಂಬಡಿಕೆಯ ಬಹಳಷ್ಟು ಕಡೆ ಸತ್ತವರ ಲೋಕವಾದ ಪಾತಾಳ ಒಂದು ಮೌನದ ಜಾಗ. ಸತ್ತವರು ದೇವರನ್ನು ಸ್ತುತಿಸುವುದಿಲ್ಲ ಎಂದು ಕೀರ್ತನೆಗಾರನೇ ಹೇಳುತ್ತಾನೆ. ಆ ಕತ್ತಲಲ್ಲೂ ಅಲ್ಲಲ್ಲಿ ಕಿಡಿ ಹಾರುತ್ತದೆ. ನನ್ನ ವಿಮೋಚಕನು ಜೀವಿಸುತ್ತಾನೆ ಎಂದು ಯೋಬ ಕೂಗುತ್ತಾನೆ. ಮಣ್ಣಲ್ಲಿ ಮಲಗಿದವರೇ ಎಚ್ಚೆತ್ತು ಹಾಡಿರಿ ಎಂದು ಯೆಶಾಯ ಕರೆಯುತ್ತಾನೆ. ಒಣಗಿದ ಎಲುಬುಗಳ ಕಣಿವೆಯಲ್ಲಿ ಯೆಹೆಜ್ಕೇಲ ಪ್ರವಾದಿಸುತ್ತಾನೆ. ದಾನಿಯೇಲನ ಪುಸ್ತಕದ 12ನೇ ಅಧ್ಯಾಯಕ್ಕೆ ಬಂದಾಗ ಮಾತು ತೀರಾ ಸ್ಪಷ್ಟ: ಮಣ್ಣಿನಲ್ಲಿ ನಿದ್ರಿಸುವವರಲ್ಲಿ ಅನೇಕರು ಏಳುತ್ತಾರೆ, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ಅವಮಾನಕ್ಕೆ.

ಇದೇ ನಂಬಿಕೆ ರಕ್ತದಲ್ಲಿ ಅದ್ದಿ ಬಂದಿರುವುದನ್ನು ಮಕ್ಕಬಿಯರ ಎರಡನೇ ಪುಸ್ತಕದಲ್ಲಿ ನೋಡಬಹುದು. ಅಂತಿಯೋಕ ರಾಜ ಯೆಹೂದ್ಯರಿಗೆ ಅವರ ಧರ್ಮವನ್ನೇ ಬಿಡಿಸಲು ಹೊರಟಿದ್ದ ಕಾಲ ಅದು, ಕ್ರಿಸ್ತಪೂರ್ವ ಎರಡನೇ ಶತಮಾನ. ಒಬ್ಬ ತಾಯಿ, ಏಳು ಜನ ಅಣ್ಣತಮ್ಮಂದಿರು. ಧರ್ಮಶಾಸ್ತ್ರ ಮೀರಿ ಹಂದಿಮಾಂಸ ತಿನ್ನಲ್ಲ ಎಂದದ್ದಕ್ಕೆ ಒಬ್ಬೊಬ್ಬರನ್ನಾಗಿ ಚಿತ್ರಹಿಂಸೆ ಮಾಡಿ ಕೊಂದರು. ಮೂರನೆಯವನ ಸರದಿ ಬಂದಾಗ ಅವನು ಧೈರ್ಯವಾಗಿ ಕೈ ಚಾಚಿದ. ಇವು ನನಗೆ ಪರಲೋಕದಿಂದ ಬಂದವು, ದೇವರಿಂದಲೇ ಇವನ್ನು ಮತ್ತೆ ಪಡೆಯುತ್ತೇನೆ ಎಂದ. ಆತ್ಮ ಉಳಿಯುತ್ತದೆ ಎಂದಷ್ಟೇ ಅವನು ಸಮಾಧಾನ ಮಾಡಿಕೊಳ್ಳಲಿಲ್ಲ. ಅವನಿಗೆ ಕೈಗಳು ವಾಪಸ್ ಬೇಕಿತ್ತು. ಅನ್ಯಾಯ ನಡೆದದ್ದು ದೇಹಕ್ಕೆ, ನ್ಯಾಯವೂ ದೇಹಕ್ಕೆ ಸಿಗಬೇಕು, ಅಲ್ವಾ?

ಯೇಸುವಿನ ಕಾಲದಲ್ಲಿ ಎಲ್ಲರೂ ಇದನ್ನು ಒಪ್ಪಿರಲಿಲ್ಲ. ಯೆಹೂದ್ಯರ ಎರಡು ಪಂಗಡಗಳಲ್ಲಿ ಫರಿಸಾಯರು ಪುನರುತ್ಥಾನ ಉಂಟು ಎಂದರು, ಸದ್ದುಕಾಯರು ಇಲ್ಲ ಎಂದರು. ಸದ್ದುಕಾಯರಿಗೆ ಯೇಸು ಮೋಶೆಯ ಪುಸ್ತಕದಿಂದಲೇ ಉತ್ತರ ಕೊಟ್ಟ. ಅಬ್ರಹಾಮ, ಇಸಾಕ, ಯಾಕೋಬರ ದೇವರು ಸತ್ತವರಿಗೆ ದೇವರಲ್ಲ, ಜೀವಿತರಿಗೆ ದೇವರು ಎಂದ. ಅದಾದ ಮೇಲೆ ತಾನೇ ಸತ್ತು ಎದ್ದ. ಎದ್ದು ಬಂದವನು ತನ್ನ ಶಿಷ್ಯ ತೋಮನಿಗೆ ಏನು ತೋರಿಸಿದ? ತನ್ನ ಕೈಗಳನ್ನು. ಮೊಳೆಯ ಗುರುತು ಇನ್ನೂ ಇದ್ದ ಕೈಗಳು. ಆ ಮೂರನೇ ಹುಡುಗ ಚಾಚಿದ ಕೈ, ತೋಮನ ಮುಂದೆ ಚಾಚಿದ ಈ ಕೈ, ಎರಡನ್ನೂ ಒಟ್ಟಿಗೆ ನೆನೆಸಿಕೊಂಡರೆ ನನಗೆ ಕಣ್ಣು ತುಂಬುತ್ತದೆ.

ಅಥೇನೆ ಪಟ್ಟಣದ ಅರಿಯೊಪಾಗದಲ್ಲಿ ಪೌಲನು ಹೇಳಿದ್ದೂ ಇದನ್ನೇ. ದೇವರು ಲೋಕಕ್ಕೆ ನೀತಿಯಿಂದ ತೀರ್ಪು ಕೊಡಲು ಒಂದು ದಿನ ಗೊತ್ತುಮಾಡಿದ್ದಾನೆ, ಒಬ್ಬ ಮನುಷ್ಯನನ್ನೂ ನೇಮಿಸಿದ್ದಾನೆ, ಅವನನ್ನು ಸತ್ತವರೊಳಗಿಂದ ಎಬ್ಬಿಸಿ ಅದಕ್ಕೆ ಆಧಾರ ಕೊಟ್ಟಿದ್ದಾನೆ. ನ್ಯಾಯಪೀಠದಲ್ಲಿ ಕೂತಿರುವವನು ಸುಳ್ಳು ಸಾಕ್ಷಿಯಿಂದ ಶಿಕ್ಷೆ ಅನುಭವಿಸಿದವನು. ಮರಗಳು ಹಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ನರಕದ ಬಗ್ಗೆಯೂ ಒಂದು ಮಾತು. ಅದರ ಬಗ್ಗೆ ಎಚ್ಚರಿಸುವಾಗ ಯೇಸು ಜನರ ಕಣ್ಣಮುಂದೆ ತಂದದ್ದು ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯನ್ನು. ಹಿಂದೆ ಅಲ್ಲಿ ತಂದೆತಾಯಿಗಳು ಮಕ್ಕಳನ್ನು ಬೆಂಕಿಗೆ ಬಲಿ ಕೊಟ್ಟಿದ್ದರು. ಯೆರೆಮೀಯ ಆ ಜಾಗದ ಮೇಲೆಯೇ ತೀರ್ಪು ಸಾರಿದ. ಆ ಮಕ್ಕಳ ಕೂಗನ್ನು ದೇವರು ಮರೆತಿಲ್ಲ. ಹಾಗಾಗಿ ನರಕವೆಂದರೆ ದೇವರ ಕ್ರೂರತನ ಎನ್ನುವವರ ಜೊತೆ ನಾನು ಒಪ್ಪುವುದಿಲ್ಲ.

ಹಾಗಂತ ಹೆದರಿಕೆಯೇ ಬೇಡವೇ? ಬೇಕು. ನನ್ನಿಂದ ನೊಂದವರೂ ಆ ದಿನ ಎದ್ದು ನಿಲ್ಲುತ್ತಾರಲ್ಲ. ದೋಷಪರಿಹಾರಕ ದಿನ ದೇವರಿಗೆ ವಿರುದ್ಧವಾದ ಪಾಪಕ್ಕೆ ಪರಿಹಾರ ಕೊಡುತ್ತದೆ, ಆದರೆ ನೆರೆಯವನಿಗೆ ಮಾಡಿದ ತಪ್ಪಿಗೆ ಅವನನ್ನು ಸಮಾಧಾನಪಡಿಸುವ ತನಕ ಪರಿಹಾರವಿಲ್ಲ ಎಂದು ಮಿಶ್ನಾ ಹೇಳುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಎಂದು ಯೇಸು ಹೇಳಿದ.

ದೋಷಪರಿಹಾರಕ ದಿನದಂದು ಊಟ, ನೀರು ಎರಡೂ ಇಲ್ಲ. ಅನೇಕರು ಬಿಳಿ ಬಟ್ಟೆ ಉಡುತ್ತಾರೆ, ಹೆಣಕ್ಕೆ ಉಡಿಸುವಂಥ ಬಿಳಿ. ಮಧ್ಯಾಹ್ನದ ಮೇಲೆ ಸಭಾಮಂದಿರದಲ್ಲಿ ಓದುವುದು ಯೋನನ ಪುಸ್ತಕ. ನಿನೆವೆ ಅಶ್ಶೂರದವರ ಪಟ್ಟಣ, ಇಸ್ರಾಯೇಲಿಗೆ ಶತ್ರು. ಅಲ್ಲಿಗೆ ಹೋಗಿ ದೇವರ ಎಚ್ಚರಿಕೆ ಸಾರಿ, ತೀರ್ಪು ಬೀಳಲಿ ಎಂದು ಕಾದವನು ಯೋನ. ಜನ ದೇವರ ಕಡೆಗೆ ತಿರುಗಿಕೊಂಡದ್ದರಿಂದ ಅದು ಬೀಳಲಿಲ್ಲ ಎಂದು ಸಿಟ್ಟಾದವನೂ ಅವನೇ. ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ ಇದ್ದಾರೆ, ಬಹಳ ದನಕರುಗಳೂ ಇವೆ, ನಾನು ಕನಿಕರಪಡಬಾರದೇ ಎಂದು ದೇವರು ಅವನನ್ನು ಕೇಳಿದ. ಮುಂದೆ ಯೇಸು ಈ ನಿನೆವೆಯವರ ಬಗ್ಗೆಯೇ ಮಾತಾಡಿದ. ತೀರ್ಪಿನ ದಿನ ಅವರು ಈ ಸಂತತಿಯವರ ಜೊತೆ ಎದ್ದು ನಿಂತು, ಇವರನ್ನು ತಪ್ಪಿತಸ್ಥರೆಂದು ತೋರಿಸುತ್ತಾರೆ, ಯಾಕಂದರೆ ಅವರು ಯೋನನ ಮಾತಿಗೇ ತಿರುಗಿಕೊಂಡರು ಎಂದ.