ತಲೆಗೆ ಆರು ಗಾಡಿ ಕಲ್ಲು

ಅಮೆರಿಕದ ಐ-70 ಹೆದ್ದಾರಿಯಲ್ಲಿ ಡೆನ್ವರ್ ಕಡೆ ಹೋಗುವಾಗಲೆಲ್ಲ, ಕನ್ಸಾಸ್‌ನ ಹೇಸ್ ಊರು ಬರುವ ಮೊದಲು ಎಡಗಡೆ ಎರಡು ಗೋಪುರ ಕಾಣುತ್ತವೆ. ಸುತ್ತ ಗೋಧಿ ಹೊಲ ಬಿಟ್ಟರೆ ಬೇರೇನಿಲ್ಲ. ಹೋದ ಅಕ್ಟೋಬರ್‌ನಲ್ಲಿ ಕೊನೆಗೂ ಕಾರು ಆ ಕಡೆ ತಿರುಗಿಸಿದೆ.

ಅದು ವಿಕ್ಟೋರಿಯಾ ಎಂಬ ಸಣ್ಣ ಊರಿನ ಸೇಂಟ್ ಫಿಡೆಲಿಸ್ ಚರ್ಚ್. 1908ರಿಂದ 1911ರವರೆಗೆ ಕಟ್ಟಿದ್ದು. ಕಟ್ಟಿದವರು ರಷ್ಯಾದ ವೋಲ್ಗಾ ನದಿ ದಂಡೆಯಿಂದ ಬಂದ ಜರ್ಮನ್ ರೈತರು. ಅಲ್ಲಿ ಅವರ ಗಂಡುಮಕ್ಕಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲು ಶುರುವಾದ ಮೇಲೆ, 1876ರಲ್ಲಿ ಇಲ್ಲಿಗೆ ಬಂದು ನೆಲೆಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಹಾಕಿಕೊಂಡ ಲೆಕ್ಕ. 12 ವರ್ಷ ತುಂಬಿದ ಪ್ರತಿಯೊಬ್ಬರ ತಲೆಗೆ ವರ್ಷಕ್ಕೆ 45 ಡಾಲರ್, ಜೊತೆಗೆ ಆರು ಗಾಡಿ ಕಲ್ಲು. ಮನೆಯಲ್ಲಿ ಅಂಥವರು ಎಂಟು ಜನ ಇದ್ದರೆ 48 ಗಾಡಿ! ಉಳುಮೆ, ಕೊಯ್ಲು ಬಿಡುವ ಹಾಗಿಲ್ಲ. ಅದರ ನಡುವೆ ಕುದುರೆ ಕಟ್ಟಿ ಕಲ್ಲು ತರಬೇಕು. 12 ವರ್ಷದ ಹುಡುಗಿಯ ಹೆಸರಲ್ಲೂ ಆರು ಗಾಡಿ ಇತ್ತು ಅಲ್ವಾ, ಆ ಕಲ್ಲುಗಳು ಈ ಗೋಡೆಯಲ್ಲಿ ಎಲ್ಲಿವೆಯೋ ಎಂದು ತುಂಬಾ ಹೊತ್ತು ನೋಡುತ್ತಾ ನಿಂತೆ.

ಕಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಬೆಣ್ಣೆ ಬಣ್ಣದ ಸುಣ್ಣದಕಲ್ಲು, ಕೆಲವದರಲ್ಲಿ ತುಕ್ಕಿನ ಬಣ್ಣದ ಗೆರೆ. ನೆಲದಿಂದ ಎತ್ತಿದಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಈ ಬಯಲಿನಲ್ಲಿ ಮರ ಕಮ್ಮಿ. ಹಾಗಾಗಿ ಆಗ ಬೇಲಿಯ ಕಂಬಕ್ಕೂ ಇದೇ ಕಲ್ಲು. ಸಾಲಾಗಿ ತೂತು ಕೊರೆದು, ಕಬ್ಬಿಣದ ಬೆಣೆ ಇಟ್ಟು, ಒಂದೊಂದನ್ನೇ ಹೊಡೆಯುತ್ತಾ ಹೋದರೆ ಕಲ್ಲು ನೇರವಾಗಿ ಸೀಳುತ್ತದೆ. ದಾರಿ ಬದಿಯ ಒಂದು ಕಂಬದ ಅಂಚಿನಲ್ಲಿ ಆ ಅರ್ಧ ತೂತುಗಳು ಇನ್ನೂ ಇದ್ದವು. ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತಿತು. ಪಕ್ಕದಲ್ಲೇ ಒಂದು ಕಪ್ಪೆಚಿಪ್ಪಿನ ಅಚ್ಚು. ಒಂದು ಕಾಲಕ್ಕೆ ಇಲ್ಲೆಲ್ಲ ಸಮುದ್ರವಿತ್ತು.

ಅಲ್ಲಿಂದ ದಕ್ಷಿಣಕ್ಕೆ ಫೈಫರ್‌ಗೆ ಹೋದೆ. ಅಲ್ಲಿಯ ಹೋಲಿ ಕ್ರಾಸ್ ಚರ್ಚನ್ನು ಜನ 'ಎರಡು ಸೆಂಟಿನ ಚರ್ಚ್' ಎನ್ನುತ್ತಾರೆ. ರೈತರು ಒಂದೊಂದು ಬುಷೆಲ್ ಗೋಧಿಗೆ, ಅಂದರೆ ಸುಮಾರು 27 ಕಿಲೋಗೆ, ಎರಡು ಸೆಂಟ್ ಹಣ ತೆಗೆದಿಟ್ಟು ಕಟ್ಟಿದ್ದು. ಊರಲ್ಲಿ ಜನ ಕರಗಿದರು. 1990ರ ದಶಕದಲ್ಲಿ ಅಲ್ಲಿನ ವಾರದ ಪೂಜೆ ನಿಂತುಹೋಯಿತು. ವಿಕ್ಟೋರಿಯಾದ ಚರ್ಚ್ ನೋಡಲು ಜನ ಬರುತ್ತಾರೆ, 2014ರಲ್ಲಿ ಅದಕ್ಕೆ ಬಸಿಲಿಕಾ ಪದವಿಯೂ, ಅಂದರೆ ಪೋಪ್ ಕೊಡುವ ವಿಶೇಷ ಗೌರವವೂ, ಸಿಕ್ಕಿತು. ನನ್ನ ಮನಸ್ಸು ಮಾತ್ರ ಫೈಫರ್‌ನಲ್ಲೇ ಉಳಿಯಿತು.

ಆದರೂ ಅಲ್ಲಿನ ಊರವರು ತಮ್ಮ ಚರ್ಚನ್ನು ಕೈಬಿಟ್ಟಿಲ್ಲ. ಮೆಟ್ಟಿಲು ಗುಡಿಸಿತ್ತು. ಬಾಗಿಲ ಪಕ್ಕ, ಯಾರೋ ಆಗತಾನೆ ಒರಗಿಸಿಟ್ಟು ಹೋದಂತೆ, ಒಂದು ಪೊರಕೆ.